ಕೆಲಸವಿಲ್ಲದ ಸಂಬಳ

ಮನೆಯಲ್ಲಿ ಎಲ್ಲರೂ ಅವಳನ್ನು ಮರಿ ಎಂದು ಕರೆಯುತ್ತಿದ್ದರು. ತಾಯಿ ಮುದ್ದಿಗೆ ಇಟ್ಟ ಹೆಸರು. ತಾಯಿ ತೀರಿಹೋದ ಮೇಲೂ, ಕಿವಿಯ ಪಕ್ಕದಲ್ಲಿ ನಾಲ್ಕಾರು ಬಿಳಿ ಕೂದಲು ಕಾಣಿಸಿಕೊಂಡ ಮೇಲೂ ಅದು ಅವಳನ್ನು ಬಿಡಲಿಲ್ಲ. ಇನ್ನೂ ಐದನೇ ಕ್ಲಾಸು ದಾಟದ ಅಣ್ಣನ ಮಗಳು ಕೂಡ ಅವಳನ್ನು ಅತ್ತೆ ಎನ್ನದೆ ಮರಿ ಎಂದೇ ಕರೆಯುತ್ತಿದ್ದಳು. ಅವಳನ್ನು ಮೊದಲ ಬಾರಿಗೆ ಒಬ್ಬರು 'ಅಕ್ಕ' ಎಂದದ್ದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಆಗ ಅವಳಿಗೆ ಮೂವತ್ತೆರಡು ವರ್ಷ.

ಅದಕ್ಕೆ ಮುಂಚೆ ಹನ್ನೆರಡು ವರ್ಷ ಅವಳು ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದಳು. ಬುದ್ಧಿಯ ಬೆಳವಣಿಗೆ ನಿಧಾನವಾದ ದೊಡ್ಡವರಿಗೆಂದು ನಡೆಯುತ್ತಿದ್ದ ಕೇಂದ್ರ ಅದು. ಕಾಗದದ ಕವರು ಅಂಟಿಸುವುದು, ಮೇಣದಬತ್ತಿ ಎರೆಯುವುದು, ಇಷ್ಟು ಕಲಿಸುತ್ತಿದ್ದರು. ಕಲಿತಾದ ಮೇಲೆ ಮುಂದೇನು ಎಂದು ಯಾರೂ ಕೇಳುತ್ತಿರಲಿಲ್ಲ. ಕಲಿತವರು ಮರುವರ್ಷ ಮತ್ತೆ ಅದನ್ನೇ ಕಲಿಯುತ್ತಿದ್ದರು. "ಡಾಕ್ಟರ್ ಆಗೋಕೂ ಇಷ್ಟು ವರ್ಷ ಬೇಡ" ಎಂದು ಅಣ್ಣ ನಗುತ್ತಿದ್ದ. ಅವನದು ಗಡಿಯಾರ, ಮೊಬೈಲು ರಿಪೇರಿ ಮಾಡುವ ಸಣ್ಣ ಅಂಗಡಿ.

ಆಸ್ಪತ್ರೆಯವರು ಇಂಥವರಿಗೂ ಅವಕಾಶ ಕೊಡುತ್ತೇವೆಂದು ಕೇಂದ್ರದಿಂದ ನಾಲ್ವರನ್ನು ಆರಿಸಿಕೊಂಡರು. ಪತ್ರಿಕೆಯವರು ಬಂದರು, ಫೋಟೋ ತೆಗೆದರು. ತಿಂಗಳು ಕಳೆಯುವುದರೊಳಗೆ ಒಬ್ಬ ಯಂತ್ರದ ಸದ್ದಿಗೆ ಹೆದರಿ ಬಿಟ್ಟ. ಇನ್ನೊಬ್ಬ ಬಟ್ಟೆ ರಾಶಿಯ ಹಿಂದೆ ಸೊಂಪಾಗಿ ನಿದ್ದೆ ಹೊಡೆಯುತ್ತಿದ್ದ ಕಾರಣ ಮನೆಗೆ ಹೋದ. ಮೂರನೆಯವಳನ್ನು ತಂದೆಯೇ ಕರೆದುಕೊಂಡು ಹೋದ. ಉಳಿದವಳು ಮರಿ ಒಬ್ಬಳೇ.

ಅವಳ ಕೆಲಸ, ಒಗೆದು ಒಣಗಿ ಬಂದ ಹಾಸಿಗೆ ಶೀಟುಗಳನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ಕಲೆ, ಹರಕು ನೋಡುವುದು, ಆಮೇಲೆ ಮಡಚಿ ಜೋಡಿಸುವುದು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒಮ್ಮೆ ಸವರಿ, ಮತ್ತೆ ಮಡಚಿದಳೆಂದರೆ ನಾಲ್ಕು ಮೂಲೆಯೂ ಒಂದರ ಮೇಲೊಂದು ಕೂರಬೇಕು. ಇಪ್ಪತ್ತರ ಮೇಲೆ ಎಣಿಸಲು ಅವಳಿಗೆ ಬರುತ್ತಿರಲಿಲ್ಲ. ಹಾಗಾಗಿ ಇಪ್ಪತ್ತೈದು ಶೀಟಿನ ಕಟ್ಟನ್ನು ತನ್ನ ಗೇಣಿನಲ್ಲಿ ಅಳೆಯುತ್ತಿದ್ದಳು. ಹರಿದ ಶೀಟುಗಳನ್ನು ಹೊಲಿಯಲು ಅಲ್ಲೊಬ್ಬ ಹೆಂಗಸಿದ್ದಳು, ಎಲ್ಲರ ಬಾಯಲ್ಲೂ ಹೊಲಿಗೆಯಮ್ಮ. ಮೊದಮೊದಲು ಅವಳು ಮರಿ ಕಟ್ಟಿದ್ದನ್ನು ಬಿಚ್ಚಿ ಎಣಿಸಿ ನೋಡುತ್ತಿದ್ದಳು. ಒಂದು ತಿಂಗಳಾದರೂ ಒಂದು ಕಟ್ಟೂ ತಪ್ಪಲಿಲ್ಲ. ಆಮೇಲೆ ಎಣಿಸುವುದನ್ನು ಬಿಟ್ಟಳು. "ಇವಳ ಕೈ ಕೆಳಗೆ ಒಂದು ಸೂಜಿ ಕೂಡ ತಪ್ಪಿಸಿಕೊಂಡು ಹೋಗಲ್ಲ" ಎಂದು ಹೊಸಬರ ಮುಂದೆ ಹೇಳುತ್ತಿದ್ದಳು.

ಒಂದು ಸಲ ದಿಂಬಿನ ಗವಸಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟೊಂದು ಸಿಕ್ಕಿತು. ಕಚೇರಿಗೆ ಕೊಡು ಎಂದರೆ ಮರಿ ಕೇಳಲಿಲ್ಲ. ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಹಡಿ ಹತ್ತಿ, ವಯಸ್ಸಾದವರ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗಿ "ತಾತ, ಬಾಯಿ ತೆಗೀರಿ" ಎಂದು ನೋಡುತ್ತಾ ಬಂದಳು. ಹದಿನಾಲ್ಕನೆಯ ಬಾಯಿಯಲ್ಲಿ ಹಲ್ಲಿರಲಿಲ್ಲ. ಆ ಕಥೆ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಓಡಿತು. ಇಸ್ತ್ರಿ ಯಂತ್ರದ ಹತ್ತಿರ ನಿಲ್ಲುವ ಹುಡುಗಿಯರು ಅವಳನ್ನು ಕಂಡ ಕೂಡಲೇ "ಅಕ್ಕ, ನನ್ನ ಬಾಯಿ ನೋಡ್ತೀಯಾ?" ಎಂದು ಬಾಯಿ ತೆರೆದು ನಿಲ್ಲುತ್ತಿದ್ದರು. ಅವಳು ನಿಜವಾಗಿ ಬಗ್ಗಿ ನೋಡಿ, "ನಿಂದು ನಿಂದೇ ಇದೆ" ಎನ್ನುತ್ತಿದ್ದಳು.

ಹೀಗೆ ಐದು ವರ್ಷ. ಸಂಬಳ ಬ್ಯಾಂಕಿಗೆ ಬರುತ್ತಿತ್ತು. ಖಾತೆ ಅವಳದು, ಸಹಿ ಅಣ್ಣನದು. ಅವನು ದುಂದು ಮಾಡುವವನಲ್ಲ. ಮನೆಯ ಹಾಲು, ಕರೆಂಟು, ಮಗಳ ಶಾಲೆ ಅದರಲ್ಲೇ ನಡೆಯುತ್ತಿತ್ತು ಎನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆರನೆಯ ವರ್ಷ ಆಸ್ಪತ್ರೆಯವರು ಒಗೆಯುವ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗೆ ಕೊಟ್ಟರು. ಒಂದು ಸೋಮವಾರ ಬೆಳಿಗ್ಗೆ ನೆಲಮಾಳಿಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಗೊಂದು ಕಾಗದ ಕೊಟ್ಟು, ತಿಂಗಳ ಕೊನೆಗೆ ಯಂತ್ರ ನಿಲ್ಲುತ್ತದೆ ಎಂದರು. ಹತ್ತೊಂಬತ್ತು ಜನ. ಮರಿಗೆ ಮಾತ್ರ ಕಾಗದ ಬರಲಿಲ್ಲ.

"ನಂದೆಲ್ಲಿ?" ಎಂದು ಅವಳು ಕೇಳಿದಳು.

"ನಿಂಗಿಲ್ಲ ಕಣೇ" ಎಂದಳು ಹೊಲಿಗೆಯಮ್ಮ. ತನ್ನ ಕಾಗದವನ್ನು ಮುದುಡಿ ಸೆರಗಿಗೆ ಗಂಟು ಹಾಕಿಕೊಂಡಳು. "ನಮ್ಮನ್ನೆಲ್ಲ ಗುಡಿಸಿ ಹಾಕಿ ನಿನ್ನೊಬ್ಬಳನ್ನ ಇಟ್ಕೋತಾರೆ. ಗೋಡೆ ಮೇಲೆ ನಿನ್ನ ಫೋಟೋ ಇದೆಯಲ್ಲ, ಅದನ್ನ ಕಿತ್ತರೆ ಅವರ ಮಾನ ಹೋಗುತ್ತೆ. ನನ್ನ ಫೋಟೋ ಯಾರು ಹಾಕ್ತಾರೆ?"

ಹದಿನೇಳು ವರ್ಷ ಹೊಲಿದ ಹೆಂಗಸು ಅವಳು. ಮರಿಗೆ ಆ ಮಾತಿನ ಉರಿ ಪೂರ್ತಿ ತಿಳಿಯಲಿಲ್ಲ. ತನ್ನ ಮೇಲೆ ಸಿಟ್ಟು ಬಂದಿದೆ ಎನ್ನುವುದಷ್ಟು ತಿಳಿಯಿತು. ಆ ದಿನ ಅವಳು ಊಟದ ಡಬ್ಬಿ ಬಿಚ್ಚಲಿಲ್ಲ.

ಮುಂದಿನ ತಿಂಗಳಿಂದ ಅವಳನ್ನು ಮೇಲಿನ ದೊಡ್ಡ ಹಜಾರದಲ್ಲಿ, ಗಾಜಿನ ಬಾಗಿಲ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿದರು. ಮೈಗೆ ನೀಲಿ ಕೋಟು ಹಾಕಿಸಿದರು. ಇದೆಲ್ಲ ಏರ್ಪಾಡು ಮಾಡಿದವರು ಪ್ರಚಾರ ವಿಭಾಗದ ಮೇಡಂ. ಒಳ್ಳೆಯ ಮಾತಿನವರು, ಮರಿಯ ಕೈ ಹಿಡಿದುಕೊಂಡೇ ಮಾತಾಡುವವರು.

"ಇಲ್ಲಿ ಕೂತು ಬಂದವರಿಗೆ ನಗುಮುಖ ತೋರ್ಸಿದ್ರೆ ಸಾಕು. ಅಷ್ಟೇ ನಿಮ್ಮ ಕೆಲಸ."

"ಎಷ್ಟು ಹೊತ್ತು ನಗಬೇಕು?"

ಮೇಡಂ ನಕ್ಕುಬಿಟ್ಟರು.

ಮರಿ ಒಪ್ಪಿಕೊಂಡ ಕೆಲಸವನ್ನು ಅರ್ಧಂಬರ್ಧ ಮಾಡುವವಳಲ್ಲ. ಬೆಳಿಗ್ಗೆ ಎಂಟರಿಂದ ನಾಲ್ಕರ ತನಕ ನಕ್ಕಳು. ಅಳುತ್ತಾ ಬಂದವರಿಗೂ ನಕ್ಕಳು. ಬೈಸಿಕೊಂಡಳು. ಎಕ್ಸ್‌ರೇ ಎಲ್ಲಿ ಎಂದು ಯಾರಾದರೂ ಕೇಳಿದರೆ ಎದ್ದು ಜೊತೆಯಲ್ಲೇ ಹೊರಡುತ್ತಿದ್ದಳು, ಕೌಂಟರಿನವಳು "ನೀವು ಏಳ್ಬೇಡಿ, ಕೂತ್ಕೊಳ್ಳಿ" ಎಂದು ಕೂರಿಸುತ್ತಿದ್ದಳು. ಸಂಜೆ ಮನೆಗೆ ಬಂದರೆ ಕೆನ್ನೆ ನೋಯುತ್ತಿತ್ತು. ಕೈ ಮಾತ್ರ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ನೆಲಮಾಳಿಗೆಗೆ ಇಳಿದು ನೋಡಿದಳು. ಯಂತ್ರಗಳಿದ್ದ ಕಡೆ ನೆಲದಲ್ಲಿ ನಾಲ್ಕು ನಾಲ್ಕು ತೂತು ಉಳಿದಿತ್ತು. ಹಳೆಯ ಔಷಧಿ ಪೆಟ್ಟಿಗೆಗಳನ್ನು ತುಂಬಿದ್ದರು.

ಮೂರು ತಿಂಗಳಾಗಿತ್ತು. ಒಂದು ದಿನ ಗುತ್ತಿಗೆಯವರ ಗಾಡಿಯಿಂದ ಇಳಿದ ಶೀಟುಗಳು ಹಜಾರದ ಮೂಲಕವೇ ಹೋಗುತ್ತಿದ್ದವು. ಹಿಂದಿನ ಲಿಫ್ಟು ಕೆಟ್ಟಿತ್ತು. ಮರಿ ಎದ್ದು ತಳ್ಳುಗಾಡಿಯನ್ನು ತಡೆದಳು. ಮೇಲಿನ ಶೀಟು ಎತ್ತಿ, ಕೊಡವಿ, ಗಾಜಿನ ಬೆಳಕಿಗೆ ಹಿಡಿದಳು. ನಡುವೆ ಅಂಗೈಯಗಲ ಕಂದು ಕಲೆ. ಇನ್ನೊಂದು ಎತ್ತಿದಳು. ಅದರಲ್ಲೂ ಕಲೆ.

"ಇದು ರಕ್ತ. ಹೋಗಿಲ್ಲ. ವಾಪಸ್ ಕಳಿಸಿ" ಎಂದಳು. ಅವಳ ದನಿ ಮೊದಲೇ ದೊಡ್ಡದು, ಯಂತ್ರಗಳ ನಡುವೆ ಮಾತಾಡಿ ಇನ್ನೂ ದೊಡ್ಡದಾಗಿತ್ತು. ಹಜಾರದಲ್ಲಿ ಕೂತಿದ್ದ ಅರವತ್ತು ಎಪ್ಪತ್ತು ಜನ ತಿರುಗಿ ನೋಡಿದರು. ಯಾರೋ ಫೋಟೋ ತೆಗೆದರು. ಯಾರೋ "ನಮ್ಮಪ್ಪನ್ನ ಇದರ ಮೇಲೆ ಮಲಗಿಸ್ತೀರಾ?" ಎಂದು ಕೌಂಟರಿಗೆ ನುಗ್ಗಿದರು.

ಸಂಜೆಯೊಳಗೆ ಅಣ್ಣನಿಗೆ ಫೋನು ಹೋಯಿತು.

ಮರುದಿನ ಅವನು ಅಂಗಡಿ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಶರ್ಟು ಹಾಕಿಕೊಂಡು ಬಂದ. ಕೆಲಸ ಹೋಯಿತು ಎಂದೇ ಅವನ ಲೆಕ್ಕ. ಮೇಡಂ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಅವರು ಬಾಯಿ ತೆಗೆಯುವ ಮುಂಚೆಯೇ ಕ್ಷಮೆ ಕೇಳಿದ.

"ಅಯ್ಯೋ, ಕ್ಷಮೆ ಯಾಕೆ? ಅವರು ನಮ್ಮ ಸಂಸ್ಥೆಯ ಹೆಮ್ಮೆ" ಎಂದರು ಮೇಡಂ. "ಆದ್ರೆ ಹಜಾರದ ಗಲಾಟೆ ಅವರ ಮನಸ್ಸಿಗೆ ಒಗ್ತಿಲ್ಲ. ಮನೇಲೇ ಇರ್ಲಿ. ಸಂಬಳ ಏನೂ ನಿಲ್ಲಲ್ಲ. ವರ್ಷಕ್ಕೆ ಎರಡೋ ಮೂರೋ ಕಾರ್ಯಕ್ರಮ ಇರುತ್ತೆ, ಕಾರು ಕಳಿಸ್ತೀವಿ, ಬಂದು ಹೋದ್ರೆ ಸಾಕು."

ಅಣ್ಣನಿಗೆ ಹೋದ ಜೀವ ಬಂದಂತಾಯಿತು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

"ಕಲೆ ಇತ್ತು ಅಣ್ಣ" ಎಂದಳು ಪಕ್ಕದಲ್ಲಿದ್ದ ಮರಿ.

"ಇತ್ತು, ಇತ್ತು. ಬಿಡು ಈಗ."

ಮನೆಯಲ್ಲಿ ಅತ್ತಿಗೆಗೆ ನಂಬಲಾಗಲಿಲ್ಲ. ಅವಳು ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ, ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವವಳು. "ಯಾರಿಗುಂಟು ಯಾರಿಗಿಲ್ಲ ಮರಿ. ನನ್ನನ್ನ ಯಾರಾದ್ರೂ ಮನೇಲಿ ಕೂರಿಸಿ ಸಂಬಳ ಕೊಟ್ರೆ ಕಾಲು ಚಾಚಿ ಮಲಗ್ತಿದ್ದೆ" ಎಂದಳು. ಅದರಲ್ಲಿ ಕುಹಕವಿರಲಿಲ್ಲ.

ಆದರೂ ಮರಿ ಬೆಳಿಗ್ಗೆ ಆರಕ್ಕೆ ಎದ್ದು ಸ್ನಾನ ಮಾಡಿ, ಡಬ್ಬಿ ಕಟ್ಟಿಕೊಂಡು, ಬಾಗಿಲ ಬಳಿ ನಿಲ್ಲುತ್ತಿದ್ದಳು. ಎರಡು ವಾರ ಹೀಗೇ ನಡೆಯಿತು. ಪ್ರತಿ ದಿನವೂ ಅಣ್ಣ ಅದನ್ನೇ ಹೇಳಬೇಕಾಗುತ್ತಿತ್ತು.

"ಕೆಲಸ ಇಲ್ಲ ಮರಿ. ರಜೆ."

"ಎಷ್ಟು ದಿನ?"

"ಪೂರ್ತಿ."

"ನಾನು ಏನು ತಪ್ಪು ಮಾಡ್ದೆ?"

"ಏನೂ ಮಾಡಿಲ್ಲಮ್ಮ."

"ಮಾಡ್ದೇ ಇದ್ರೆ ಯಾಕೆ ಕಿತ್ಕೊಂಡ್ರು?"

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಡುತ್ತಿದ್ದ.

ವಾರ್ಷಿಕೋತ್ಸವಕ್ಕೆ ಕಾರು ಬಂತು. ಆಸ್ಪತ್ರೆಯ ಸಭಾಂಗಣದಲ್ಲಿ ಹಗಲು ಹನ್ನೊಂದಕ್ಕೆ ಕಾರ್ಯಕ್ರಮ. ನೀಲಿ ಕೋಟು ಹಾಕಿಸಿ ಮರಿಯನ್ನು ವೇದಿಕೆಗೆ ಹತ್ತಿಸಿದರು. ನಿರೂಪಣೆ ಮಾಡುತ್ತಿದ್ದವನು ಮೈಕನ್ನು ಅವಳ ಬಾಯಿಗೆ ಹಿಡಿದ. "ಹೇಳಿ, ನಿಮ್ಮ ಕೆಲಸ ನಿಮಗೆ ಎಷ್ಟು ಇಷ್ಟ?"

"ಕೆಲಸ ಇಲ್ಲ" ಎಂದಳು ಮರಿ.

ಸಭೆಯಲ್ಲಿ ಸಣ್ಣಗೆ ನಗು.

"ಮಷಿನ್ನು ತೆಗೆದ್ರು. ಎಲ್ಲರನ್ನೂ ಕಳಿಸಿದ್ರು. ನಾನು ಮನೇಲಿ ಸುಮ್ನೆ ಕೂತಿದೀನಿ. ನನಗೆ ಶೀಟು ಕೊಡಿ. ಕಲೆ ಇರೋದು ಕೊಟ್ರೂ ಪರವಾಗಿಲ್ಲ, ಒಗೆದು ಕೊಡ್ತೀನಿ."

ನಿರೂಪಕ ಒಂದು ಗಳಿಗೆ ಮೇಡಂ ಕಡೆ ನೋಡಿದ. ಮೇಡಂ ಮುಖದಲ್ಲಿ ನಗು ಕದಲಲಿಲ್ಲ. ಅವನು ಮೈಕು ಹಿಂದಕ್ಕೆಳೆದುಕೊಂಡು, "ನೋಡಿದ್ರಾ, ಕೆಲಸದ ಮೇಲೆ ಎಂಥಾ ಪ್ರೀತಿ! ನಾವೆಲ್ಲ ಇವರಿಂದ ಕಲೀಬೇಕು" ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಮರಿ ಚಪ್ಪಾಳೆ ನಿಲ್ಲಲಿ ಎಂದು ಕಾದಳು. ನಿಂತ ಮೇಲೆ ಯಾರಾದರೂ ಉತ್ತರ ಹೇಳುತ್ತಾರೆ ಎಂದುಕೊಂಡಿದ್ದಳು. ಅಷ್ಟರಲ್ಲಿ ಒಂದು ಹೂಗುಚ್ಛ ಕೈಗಿಟ್ಟು ಮೆಟ್ಟಿಲಿಳಿಸಿದರು.

ಅದಾದ ಒಂದು ವಾರಕ್ಕೆ ತರಕಾರಿ ತರಲು ಹೋದಾಗ ಹೊಲಿಗೆಯಮ್ಮ ಸಿಕ್ಕಳು. ಸೊರಗಿದ್ದಳು. ಮರಿಯನ್ನು ಕಂಡು ಮೊದಲು ಮುಖ ತಿರುಗಿಸಿದಳು, ಆಮೇಲೆ ತಡೆಯಲಾರದೆ ನಿಂತಳು.

"ಏನೇ, ಮೇಡಂ ಆಗ್ಬಿಟ್ಟೆಯಂತೆ."

"ನನಗೆ ಕೆಲಸ ಇಲ್ಲಮ್ಮ. ಮನೇಲಿ ಕೂರಿಸಿದಾರೆ."

"ಸಂಬಳ?"

"ಬರುತ್ತಂತೆ. ಅಣ್ಣ ಹೇಳ್ತಾನೆ."

ಹೊಲಿಗೆಯಮ್ಮ ಅವಳನ್ನೇ ನೋಡಿದಳು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. ಅವಳೀಗ ಆ ಗುತ್ತಿಗೆದಾರನ ಶೆಡ್ಡಿನಲ್ಲೇ, ಮೊದಲಿನ ಅರ್ಧ ಕೂಲಿಗೆ, ಅದೇ ಆಸ್ಪತ್ರೆಯ ಶೀಟುಗಳಿಗೆ ತೇಪೆ ಹಾಕುತ್ತಿದ್ದಳು.

"ಅಲ್ಲಿ ಮಡಚೋರು ಬೇಕಾ?" ಎಂದು ಮರಿ ಕೇಳಿದಳು. "ನನ್ನನ್ನೂ ಕರ್ಕೊಂಡು ಹೋಗು."

ಶೆಡ್ಡು ಪೆಟ್ರೋಲ್ ಬಂಕಿನ ಹಿಂದೆ, ತಗಡಿನ ಮಾಡಿನದು. ಒಳಗೆ ಹೊಕ್ಕರೆ ಬಿಸಿ ಹಬೆ ಮುಖಕ್ಕೆ ರಾಚುತ್ತಿತ್ತು. ಮೇಸ್ತ್ರಿ ಹೆಚ್ಚು ಮಾತಿನವನಲ್ಲ. "ಮಾತು ಬೇಡ, ಮಡಚಿ ತೋರ್ಸು" ಎಂದ. ಮರಿ ಮಡಚಿದಳು. ಐದು ಶೀಟು ಆಗುವಷ್ಟರಲ್ಲಿ ಅವನು ಕೈಕಟ್ಟಿ ನಿಂತಿದ್ದವನು ಕೈ ಬಿಟ್ಟ. "ನಾಳೆಯಿಂದ ಬಾ."

ನಾಲ್ಕು ದಿನ ಹೋದಳು. ಮನೆಯಲ್ಲಿ ಯಾರಿಗೂ ಸುಳ್ಳು ಹೇಳಲಿಲ್ಲ. ಯಾರೂ ಕೇಳಲಿಲ್ಲ ಅಷ್ಟೇ. ಅಣ್ಣ ಅಂಗಡಿಗೆ, ಅತ್ತಿಗೆ ಶಾಲೆಗೆ ಹೊರಟ ಮೇಲೆ ಬೀಗ ಹಾಕಿ ಹೊರಡುತ್ತಿದ್ದಳು, ಅವರು ಬರುವ ಮುಂಚೆ ಬಂದಿರುತ್ತಿದ್ದಳು. ಶೆಡ್ಡಿನಲ್ಲಿ ಕಲೆ ಉಳಿದ ಶೀಟುಗಳನ್ನು ತೆಗೆದು ಬೇರೆ ಹಾಕಿದಳು. ಮೊದಲ ದಿನ ಒಗೆಯುವವರು ಗೊಣಗಿದರು. ಮೂರನೆಯ ದಿನ ಆಸ್ಪತ್ರೆಯಿಂದ ಒಂದೂ ಶೀಟು ವಾಪಸು ಬರಲಿಲ್ಲವೆಂದು ಮೇಸ್ತ್ರಿ ತಾನೇ ಅವಳಿಗೆ ಟೀ ತಂದುಕೊಟ್ಟ. ಆ ದಿನಗಳಲ್ಲಿ ಮನೆಯಲ್ಲಿ ಅವಳು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು. ಅತ್ತಿಗೆ "ಈಗ ಒಗ್ಗಿಕೊಂಡ್ಲು ನೋಡಿ" ಎಂದು ಗಂಡನಿಗೆ ಹೇಳಿದಳು.

ಐದನೆಯ ದಿನ ಹೆಸರು ಬರೆದುಕೊಳ್ಳಲು ಗುರುತಿನ ಚೀಟಿ ಬೇಕೆಂದ ಮೇಸ್ತ್ರಿ. ಮರಿ ಬೀರುವಿನಿಂದ ತೆಗೆಯುತ್ತಿದ್ದಾಗ ಮರೆತ ಕನ್ನಡಕಕ್ಕೆಂದು ಅಣ್ಣ ಹಿಂದಿರುಗಿ ಬಂದ. ಅವಳು ಇದ್ದುದನ್ನು ಇದ್ದಂತೆ ಹೇಳಿದಳು. ಖುಷಿಯಿಂದಲೇ ಹೇಳಿದಳು.

ಅಣ್ಣ ಕನ್ನಡಕವನ್ನು ಅಲ್ಲೇ ಬಿಟ್ಟ. ಇನ್ನೊಂದು ಕಡೆ ಹೆಸರು ಬರೆಸಿದರೆ ಆಸ್ಪತ್ರೆಯ ಸಂಬಳ ನಿಲ್ಲುತ್ತದೆ, ಅದು ಅವನು ಸಹಿ ಹಾಕಿದ ಕಾಗದದಲ್ಲೇ ಇತ್ತು. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರ ಶೆಡ್ಡಿಗೆ ಹೋದ.

"ಇವಳನ್ನ ಕೆಲಸಕ್ಕೆ ಇಟ್ಕೊಳ್ಳೋ ಹಾಗಿಲ್ಲ ಸ್ವಾಮಿ. ನಾನು ಇವಳ ಅಣ್ಣ, ಗಾರ್ಡಿಯನ್ನು. ಇವಳಿಗೆ ಅಷ್ಟು ತಿಳುವಳಿಕೆ ಇಲ್ಲ. ನೋಡಿದ್ರೆ ಗೊತ್ತಾಗಲ್ವಾ?"

ಮೇಸ್ತ್ರಿ ಮರಿಯನ್ನು ನೋಡಿದ. "ನಂಗೇನೂ ಗೊತ್ತಾಗ್ಲಿಲ್ಲವಲ್ಲ. ಚೆನ್ನಾಗಿ ಮಡಚ್ತಾಳೆ ಅಂತ ಗೊತ್ತು." ಆದರೆ ಅಣ್ಣ ಹೇಳಿದ ಮೇಲೆ ಅವನಿಗೂ ಗೊತ್ತಾಯಿತು. ಅಲ್ಲಿಯ ತನಕ ಎಲ್ಲರ ಜೊತೆ ಆಡುವ ಹಾಗೆ ಆಡುತ್ತಿದ್ದವನು, ಈಗ ಬಗ್ಗಿ, ಒಂದೊಂದೇ ಮಾತು ಎಳೆದು, ಎಳೆಮಗುವಿಗೆ ಹೇಳುವಂತೆ ಹೇಳಿದ: "ಮನೆಗೆ ಹೋಗು ಪುಟ್ಟಾ. ಜಾಣೆ ಅಲ್ವಾ? ಅಣ್ಣನ ಜೊತೆ ಹೋಗು."

ಹೊಲಿಗೆಯಮ್ಮ ಯಂತ್ರದಿಂದ ತಲೆ ಎತ್ತಲಿಲ್ಲ.

ಹೊರಗೆ ಬಂದು ಅಣ್ಣ ಸ್ಕೂಟರಿಗೆ ಕೀ ತಿರುಗಿಸಿದ. ಮರಿ ಹತ್ತಲಿಲ್ಲ.

"ಅಣ್ಣ, ಎಷ್ಟು ವಯಸ್ಸಾದ್ರೆ ನಾನೇ ಸಹಿ ಹಾಕಬಹುದು?"

"ಹತ್ತು ಮರಿ, ಬಿಸಿಲು."

"ನಂಗೆ ಮೂವತ್ತೆಂಟು. ಇನ್ನೆಷ್ಟು ಬೇಕು?"

ಅವಳು ಹತ್ತಲೇ ಇಲ್ಲ. ಮನೆಯ ತನಕ ಅವಳು ರಸ್ತೆಯ ಅಂಚಿನಲ್ಲಿ ನಡೆದಳು, ಅವನು ಸ್ಕೂಟರನ್ನು ಕಾಲಲ್ಲಿ ದಬ್ಬಿಕೊಂಡು ಹಿಂದೆ ಹಿಂದೆ ಬಂದ. ಮುಕ್ಕಾಲು ಗಂಟೆ ಹಿಡಿಯಿತು.

ಆಮೇಲೆ ಅವಳು ಬೆಳಿಗ್ಗೆ ಏಳುವುದನ್ನು ಬಿಟ್ಟಳು. ಹತ್ತಾದರೂ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಕರೆದರೆ ಬರುತ್ತಿದ್ದಳು, ಇಟ್ಟರೆ ತಿನ್ನುತ್ತಿದ್ದಳು. ಮುಂದಿನ ಕಾರ್ಯಕ್ರಮಕ್ಕೆ ಕಾರು ಬಂದಾಗ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಅತ್ತಿಗೆ ಬೇಡಿದಳು, ಅಣ್ಣ ಗದರಿದ, ಡ್ರೈವರು ಮೂರು ಸಲ ಹಾರನ್ ಹೊಡೆದು ಹೊರಟುಹೋದ. ಈ ಸಲ ಸಂಬಳ ನಿಂತೇ ಹೋಯಿತು ಎಂದು ಗಂಡ ಹೆಂಡತಿ ಕಾದರು. ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎನ್ನುವುದು ಎರಡು ತಿಂಗಳ ಮೇಲೆ ತಿಳಿಯಿತು. ಆಸ್ಪತ್ರೆಯ ವರ್ಷದ ಪುಸ್ತಕ ಟಪಾಲಿನಲ್ಲಿ ಬಂತು. ನಡುವಿನ ಪುಟದಲ್ಲಿ ನೀಲಿ ಕೋಟಿನ ಚಿತ್ರ, ಕೆಳಗೆ ಮರಿಯ ಪೂರ್ತಿ ಹೆಸರು, ಆರು ವರ್ಷದಿಂದ ನಮ್ಮೊಂದಿಗೆ ದುಡಿಯುತ್ತಿದ್ದಾರೆ ಎಂಬ ಸಾಲು. ಮುಖ ಮಾತ್ರ ಬೇರೆ ಯಾರದೋ. ತರಬೇತಿ ಕೇಂದ್ರದ ಯಾವುದೋ ಹುಡುಗಿ, ಇಪ್ಪತ್ತೂ ದಾಟಿರಲಿಲ್ಲ.

ಅಣ್ಣ ಪುಸ್ತಕವನ್ನು ಮುಚ್ಚಿಡುವ ಮುಂಚೆ ಮರಿ ನೋಡಿದಳು. ಹುಡುಗಿಯ ಮುಖದ ಮೇಲೆ ಬೆರಳಿಟ್ಟಳು.

"ಇವಳಿಗೆ ಕೆಲಸ ಕೊಟ್ರಾ?"

"ಇಲ್ಲ. ಬರೀ ಫೋಟೋ."

ಅವಳು ಮತ್ತೆ ಹೋಗಿ ಮಲಗಿದಳು. ತಂಗಿಯ ಮುಖ ಕೂಡ ಬೇಡವಾಗಿ ಬರೀ ಹೆಸರಿಗೆ ಬರುತ್ತಿದ್ದ ಹಣದಲ್ಲಿ ಆ ಬೆಳಿಗ್ಗೆಯ ಹಾಲು ಬಂದಿತ್ತು. ಏನನ್ನಿಸಿತೋ, ಅಣ್ಣ ಎದ್ದು ಶೆಡ್ಡಿಗೆ ಹೋದ. ಹೆಸರು ಬರೆಸುವುದು ಬೇಡ, ಕೂಲಿ ಕಡಿಮೆಯಾದರೂ ಚಿಂತೆಯಿಲ್ಲ, ದಿನಕ್ಕೆ ನಾಲ್ಕು ಗಂಟೆ ಅವಳನ್ನು ಬರಲು ಬಿಡಿ ಎಂದು ಕೇಳಿಕೊಂಡ.

ಮೇಸ್ತ್ರಿ ಆಗದು ಎಂಬಂತೆ ತಲೆಯಾಡಿಸಿದ. "ಆ ಜಾಗಕ್ಕೆ ಬೇರೆಯವಳು ಬಂದಾಯ್ತು. ಇಲ್ದೇ ಇದ್ರೂ ಆಗಲ್ಲ ಸಾರ್. ಬಿಸಿ ರೋಲರು, ಹಬೆ. ಇಂಥವರಿಗೆ ನಾಳೆ ಏನಾದ್ರೂ ಆದ್ರೆ ನಾನು ಜೈಲಿಗೆ ಹೋಗ್ಬೇಕಾಗುತ್ತೆ."

"ನಾಲ್ಕು ದಿನ ಏನೂ ಆಗಿರ್ಲಿಲ್ಲವಲ್ಲ."

"ಆಗ ನಂಗೆ ಗೊತ್ತಿರ್ಲಿಲ್ಲ" ಎಂದ ಮೇಸ್ತ್ರಿ.

ಮನೆಗೆ ಬಂದಾಗ ಮರಿ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಣ್ಣನ ತೋಳಿಗೆ, ತಲೆಗೂದಲಿಗೆ ಶೆಡ್ಡಿನ ಗಾಳಿಯಲ್ಲಿ ಹಾರುವ ಬಿಳಿ ನೂಲಿನ ಎಳೆಗಳು ಅಂಟಿದ್ದವು. ಅದು ಎಲ್ಲಿಯದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತಿರ ಬಂದು ಒಂದೊಂದಾಗಿ ತೆಗೆದಳು.

"ಏನಂದ್ರು?"

"ಜಾಗ ಇಲ್ಲವಂತೆ."

ಅವಳು ಇನ್ನೊಂದು ಎಳೆ ತೆಗೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ನೀನೇ ಅಲ್ವಾ ಅಣ್ಣ, ನಂಗೆ ತಿಳುವಳಿಕೆ ಇಲ್ಲ ಅಂತ ಅವರಿಗೆ ಹೇಳಿದ್ದು?"

ಅವನು ಹೌದೆನ್ನುವಂತೆ ತಲೆಯಾಡಿಸಿದ.